ದೋಣಿಯ ವೈರ್ ಹಸಿರುಗಟ್ಟಿದರೆ

ಪ್ರಶ್ನೆ: ಕನ್ನಂಬಾಡಿ ಹಿನ್ನೀರಿನಲ್ಲಿ ನಮ್ಮದೊಂದು ಪುಟ್ಟ ಹಾಯಿದೋಣಿ ಇದೆ. ಅದರ 12 ವೋಲ್ಟ್ ದೀಪದ ವೈರ್ ಜಾಯಿಂಟ್ ಪ್ರತಿ ಮಳೆಗಾಲಕ್ಕೂ ಹಸಿರುಗಟ್ಟುತ್ತದೆ. ಬೆಸುಗೆ ಹಾಕಿಸಲೇ?
– ಓದುಗರು, ಮೈಸೂರು

ಉತ್ತರ: ಬರೀ ಬೆಸುಗೆ ಬೇಡ. ಅದು ಎಳೆಗಳೊಳಗೆ ಹರಿದು ವೈರ್ ಗಡುಸಾಗುತ್ತದೆ. ದೋಣಿ ಅಲುಗಾಡಿದಾಗ ಗಡುಸು ಮುಗಿಯುವ ಜಾಗದಲ್ಲೇ ತುಂಡಾಗುತ್ತದೆ. ತಿರುಚಿ ಟೇಪ್ ಸುತ್ತುವುದಂತೂ ಮನೆಯಲ್ಲೂ ತಪ್ಪು. ತವರ ಲೇಪಿಸಿದ, ಸಣ್ಣ ಎಳೆಗಳ ತಾಮ್ರದ ವೈರನ್ನೇ ಕೊಳ್ಳಿ. ಹಳೆಯದನ್ನೇ ಉಳಿಸಿಕೊಳ್ಳುವುದಾದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಒಳಗೆ ಅಂಟಿನ ಪದರವಿರುವ ಹೀಟ್ ಶ್ರಿಂಕ್ ಕೊಳವೆಯನ್ನು (ಕಾಯಿಸಿದರೆ ಕುಗ್ಗಿ ಬಿಗಿಯಾಗುವಂಥದ್ದು) ಮೊದಲೇ ತೂರಿಸಿಡಿ (ಮರೆಯುವುದು ಇದನ್ನೇ!). ವೈರಿನ ಅಳತೆಗೆ ಹೊಂದುವ ಲಗ್ (ವೈರಿನ ತುದಿ ತೂರಿಸುವ ಲೋಹದ ತುಂಡು) ಹಾಕಿ, ರ‍್ಯಾಚೆಟ್ ಕ್ರಿಂಪಿಂಗ್ ಟೂಲಿನಿಂದ ಒತ್ತಿ. ಕಟಿಂಗ್ ಪ್ಲೇಯರ್ ಸಾಲದು. ಜಗ್ಗಿ ನೋಡಿ. ಆಮೇಲೆ ಕೊಳವೆಯ ಎರಡೂ ತುದಿಯಲ್ಲಿ ಅಂಟು ಇಣುಕುವವರೆಗೆ ಕಾಯಿಸಿ. ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ 18 ಸೆಂ.ಮೀ. ಒಳಗೇ ಇರಲಿ.