ಟಿಸಿ ಇಲ್ಲದಿದ್ದರೂ ಸೇರಿಸಿಕೊಳ್ಳಿ

ನಮಸ್ಕಾರ ಮೇಡಂ. ಇಟ್ಟಿಗೆ ಭಟ್ಟಿ ಕೆಲಸಕ್ಕೆ ಬಂದ ಕುಟುಂಬದ 10 ವರ್ಷದ ಹುಡುಗಿ, ಟಿಸಿ ಇಲ್ಲ, ಓದಿದ್ದು 2ನೇ ತರಗತಿವರೆಗೆ, ನಮ್ಮ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬಹುದಾ ಅಂತ ಕೇಳಿದ್ದೀರಿ.

ಸೇರಿಸಿಕೊಳ್ಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಟಿಸಿ ತಡವಾಯಿತು ಅಂತ ದಾಖಲಾತಿ ನಿಲ್ಲಿಸುವ ಹಾಗಿಲ್ಲ. ಟಿಸಿ ಕೊಡಲು ಸತಾಯಿಸುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮಕ್ಕೂ ಅದರಲ್ಲೇ ಅವಕಾಶ ಇದೆ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಅಷ್ಟೇ, ಅದು 14ನೇ ಸೆಕ್ಷನ್.

ಯಾವ ತರಗತಿ ಅನ್ನೋದೇ ಮುಖ್ಯ ಪ್ರಶ್ನೆ. ದಯವಿಟ್ಟು 2ರಲ್ಲಿ ಕೂರಿಸಬೇಡಿ. ತಮ್ಮನ ವಯಸ್ಸಿನವರ ಜೊತೆ ಕೂತ ಮಗುವಿಗೆ ಶಾಲೆ ಅಂದರೇ ನಾಚಿಕೆ ಆಗಿಬಿಡುತ್ತದೆ, ಅಲ್ವಾ? 4ನೇ ಸೆಕ್ಷನ್ ಹೇಳುವುದು ವಯಸ್ಸಿಗೆ ತಕ್ಕ ತರಗತಿ, ಅಂದರೆ 5ನೇ ತರಗತಿ. ಜೊತೆಗೆ ವಿಶೇಷ ತರಬೇತಿಯೂ ಅವಳ ಹಕ್ಕು. ಕೇಂದ್ರದ ಮಾದರಿ ನಿಯಮಗಳಲ್ಲಿ ಇದಕ್ಕೆ 3 ತಿಂಗಳಿಂದ 2 ವರ್ಷದವರೆಗೆ ಸಮಯ ಇದೆ. ದಿನಾ ಒಂದು ಗಂಟೆ ನಲಿ-ಕಲಿ (ಚಿಕ್ಕ ತರಗತಿಗಳಿಗೆ ಆಟ-ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಕಾರ್ಡುಗಳಲ್ಲೇ ಓದು ಶುರು ಮಾಡಿಸಿ. ಆಟ, ಚಿತ್ರ, ಹಾಡು ಎಲ್ಲ 5ನೆಯವರ ಜೊತೆಗೇ ಇರಲಿ.

ಹಳೆಯ ಶಾಲೆಗೆ ಟಿಸಿ ಕೇಳಿ ಪತ್ರ ಬರೆಯಿರಿ, ಆದರೆ ಉತ್ತರಕ್ಕೆ ಕಾಯಬೇಡಿ. ನಾಳೆಯೇ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬರೆಯಿರಿ.