ಸಹಿ ಅಮ್ಮನದು, ಮಾತು ಯಾರದು?

ಕಾಪು ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಮಲ್ಲಿಗೆ ಮಾರಿ ಅಮ್ಮ ಕೂಡಿಟ್ಟ ಮೂರು ಲಕ್ಷ ರೂಪಾಯಿಯ ಠೇವಣಿ ಕಳೆದ ವರ್ಷ ಮುಗಿಯಿತು. ನವೀಕರಿಸಲು ಬ್ಯಾಂಕಿಗೆ ಹೋದಾಗ, ಹೆಚ್ಚು ಬಡ್ಡಿಯ ಹೊಸ ಠೇವಣಿ ಎಂದು ಹೇಳಿ ಸಹಿ ಹಾಕಿಸಿಕೊಂಡರು. ಈಗ ಎರಡನೇ ಕಂತು ಮೂರು ಲಕ್ಷ ಕಟ್ಟಿ ಎಂದು ಮೊಬೈಲಿಗೆ ಸಂದೇಶ ಬಂದಿದೆ. ವಿಚಾರಿಸಿದರೆ ಅದು ಹತ್ತು ವರ್ಷ ಕಂತು ಕಟ್ಟಬೇಕಾದ ವಿಮೆಯಂತೆ. ಸಹಿ ನಿಮ್ಮದೇ ಅಲ್ಲವೇ ಎಂದು ಬ್ಯಾಂಕಿನವರು ಕೇಳುತ್ತಾರೆ. ಊರಿಗೆ ತಿಳಿದರೆ ಮರ್ಯಾದೆ ಹೋಗುತ್ತದೆ, ಬಿಟ್ಟುಬಿಡು ಎಂದು ಅಮ್ಮ ಹೇಳುತ್ತಾರೆ. ಬಿಡಬೇಕೇ?’

ಬಿಡಬೇಡಿ. ಮರ್ಯಾದೆ ಹೋಗಬೇಕಾದದ್ದು ನಿಮ್ಮ ಅಮ್ಮನದಲ್ಲ.

ನೀವು ಕಳುಹಿಸಿದ ಅರ್ಜಿಯ ಪ್ರತಿಯನ್ನು ಎರಡು ಸಲ ಓದಿದೆ. ಉದ್ಯೋಗದ ಜಾಗದಲ್ಲಿ ‘ವ್ಯಾಪಾರ’, ವಾರ್ಷಿಕ ಆದಾಯದ ಜಾಗದಲ್ಲಿ ಹನ್ನೆರಡು ಲಕ್ಷ. ಶಂಕರಪುರದ ಹೂವಿನ ಕಟ್ಟೆಗೆ ದಿನಕ್ಕೆ ಒಂದೆರಡು ಅಟ್ಟೆ (ಮಲ್ಲಿಗೆಯ ಅಳತೆ) ಹೂವು ಕೊಡುವ ಹೆಂಗಸಿಗೆ ಹನ್ನೆರಡು ಲಕ್ಷ! ವರ್ಷಕ್ಕೆ ಮೂರು ಲಕ್ಷದ ಕಂತನ್ನು ಹೊಂದಿಸಲು ಆ ಅಂಕಿ ಬೇಕಾಗಿತ್ತು, ಬರೆದುಕೊಂಡರು. ಇಮೇಲ್ ವಿಳಾಸವೂ ಇದೆ. ಅಮ್ಮನಿಗೆ ಇಮೇಲೇ ಇಲ್ಲ ಎಂದು ನೀವು ಬರೆದಿದ್ದೀರಿ. ಕೊನೆಯ ಪುಟದಲ್ಲಿ ಅಮ್ಮನ ಸಹಿ ಕನ್ನಡದಲ್ಲಿದೆ, ಅರ್ಜಿ ಇಂಗ್ಲಿಷಿನಲ್ಲಿದೆ. ‘ಅರ್ಜಿದಾರರ ಭಾಷೆಯಲ್ಲಿ ವಿವರಿಸಿದ್ದೇನೆ’ ಎಂಬ ಘೋಷಣೆಯ ಕೆಳಗೆ ಯಾರದೋ ಗೀಚು, ಹೆಸರಿಲ್ಲ. ಕಂಪನಿಯಿಂದ ಬಂದ ಪರಿಶೀಲನೆಯ ಕರೆ ಹಿಂದಿಯಲ್ಲಿತ್ತು. ಎದುರು ಕುಳಿತಿದ್ದವರು ಹೌದು ಎನ್ನಿ ಎಂದರು, ಮನೆಯಲ್ಲಿ ತುಳು ಮಾತನಾಡುವ ಅಮ್ಮ ಹೌದು ಎಂದರು. ಸಹಿ ನಿಮ್ಮದೇ ಅಲ್ಲವೇ ಎನ್ನುವವರಿಗೆ ಈ ಕಾಗದವೇ ಉತ್ತರ.

ನಮ್ಮ ಕರಾವಳಿ ಬ್ಯಾಂಕುಗಳ ತವರು. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದರು. ಬ್ಯಾಂಕಿನವರು ಹೇಳಿದರೆ ಸರಿಯೇ ಇರುತ್ತದೆ ಎಂಬ ನಂಬಿಕೆ ಹಾಗೆ ಮೂರು ತಲೆಮಾರು ಬೆಳೆದದ್ದು. ವಿಮೆ ಮಾರುವಾಗ ಬ್ಯಾಂಕು ವಿಮಾ ಕಂಪನಿಯ ಏಜೆಂಟ್, ಅದಕ್ಕೆ ಕಮಿಷನ್ ಸಿಗುತ್ತದೆ ಎಂಬುದನ್ನು ಕೌಂಟರಿನ ಈಚೆ ನಿಂತವರಿಗೆ ಬಿಡಿಸಿ ಹೇಳುವವರು ಕಡಿಮೆ. ಆ ನಂಬಿಕೆಯನ್ನು ಹೀಗೆ ಬಳಸಿಕೊಂಡದ್ದು ನನಗೆ ಸಿಟ್ಟು ತರಿಸುತ್ತದೆ.

ಪಾಲಿಸಿಯ ಬಾಂಡ್, ಅಂದರೆ ವಿಮೆಯ ಮೂಲ ಪತ್ರ, ನಿಮ್ಮ ಕೈ ಸೇರಿದ್ದು ಹದಿನೆಂಟು ದಿನಗಳ ಹಿಂದೆ, ನೀವು ಜಗಳ ಮಾಡಿದ ಮೇಲೆ. ಬಾಂಡ್ ಕೈ ಸೇರಿದ ದಿನದಿಂದ 30 ದಿನಗಳೊಳಗೆ ಪಾಲಿಸಿ ಬೇಡವೆಂದು ಹಿಂದಿರುಗಿಸುವ ಹಕ್ಕು ಪಾಲಿಸಿದಾರರಿಗಿದೆ. 2024ರ ನಿಯಮ ಹಾಗೆ ಹೇಳುತ್ತದೆ. ವೈದ್ಯಕೀಯ ಪರೀಕ್ಷೆ, ಮುದ್ರಾಂಕದಂಥ ಸಣ್ಣ ವೆಚ್ಚಗಳನ್ನು ಕಳೆದು ಉಳಿದದ್ದನ್ನು ಹಿಂತಿರುಗಿಸಬೇಕು. ಕಳೆದ ವರ್ಷವೇ ಇಮೇಲಿನಲ್ಲಿ ಕಳುಹಿಸಿದ್ದೆವು ಎಂದು ಕಂಪನಿ ಹೇಳಬಹುದು. ಯಾರ ಇಮೇಲಿಗೆ ಎಂದು ಕೇಳಿ. ಈ ಸಂಚಿಕೆ ಬರುವವರೆಗೆ ಕಾಯಬಾರದೆಂದು ಫೋನಿನಲ್ಲೇ ನಿಮಗೆ ಹೇಳಿದ್ದೆ, ನೀವು ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳುಹಿಸಿದ್ದೀರಿ. ಇಲ್ಲಿ ಮತ್ತೆ ಬರೆಯುತ್ತಿರುವುದು ಬಾಂಡನ್ನು ಕಪಾಟಿನಲ್ಲಿಟ್ಟು ಸುಮ್ಮನಿರುವ ಇತರರಿಗಾಗಿ.

ಅವಧಿ ಮೀರಿತೆಂದು ಕಂಪನಿ ಹೇಳಿದರೂ ದಾರಿ ಮುಚ್ಚುವುದಿಲ್ಲ. ಸುಳ್ಳು ಹೇಳಿ ಮಾರಿದ ದೂರು ಬೇರೆಯೇ. ಅದನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದಾಖಲಿಸಬಹುದು. ಕಂಪನಿ ಒಂದು ತಿಂಗಳು ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಪು ಕೊಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಆದರೆ ಅದೇ ವಿಷಯ ಗ್ರಾಹಕರ ಆಯೋಗದ ಮುಂದಿದ್ದರೆ ಓಂಬುಡ್ಸ್‌ಮನ್ ದೂರನ್ನು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಎರಡೂ ಕಡೆ ಒಟ್ಟಿಗೆ ಓಡಬೇಡಿ.

ಅಲ್ಲಿ ನ್ಯಾಯ ಸಿಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ಅವರೇ ಇಲ್ಲಿಗೆ ಬರಬೇಕು. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಎರಡು ವರ್ಷಗಳ ಕಾಲಮಿತಿ ಇದೆ, ಅದನ್ನು ಮರೆಯಬೇಡಿ. ಕಂಪನಿಯ ಜೊತೆಗೆ ಬ್ಯಾಂಕನ್ನೂ ಎದುರುದಾರರನ್ನಾಗಿ ಮಾಡಿ. ಮಾರಿದವರು ಅವರು.

ಇನ್ನೊಂದು ಕಂತು ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂದು ಬ್ಯಾಂಕಿನವರು ಹೇಳಿದ್ದಾರೆಂದು ಬರೆದಿದ್ದೀರಿ. ಅದಕ್ಕಾಗಿ ಅಮ್ಮನ ಬಳೆ ಅಡವಿಡುವ ಮಾತು ಬಂದಿದೆ ಎಂಬ ಸಾಲು ಓದಿ ಸಂಕಟವಾಯಿತು. ನಿಮ್ಮ ದೂರಿಗೆ ಲಿಖಿತ ಉತ್ತರ ಬರುವ ಮೊದಲು ಅವರ ಒತ್ತಾಯಕ್ಕೆ ಕಟ್ಟಬೇಡಿ. ಅವರು ಮುಂದಿಡುವ ಯಾವ ಹೊಸ ಕಾಗದಕ್ಕೂ ಅಲ್ಲೇ ನಿಂತು ಸಹಿ ಹಾಕಬೇಡಿ, ಮನೆಗೆ ತನ್ನಿ. ಪರಿಶೀಲನೆಯ ಕರೆಯ ಧ್ವನಿಮುದ್ರಣವನ್ನು ಉಳಿಸಿಟ್ಟು ಅದರ ಪ್ರತಿ ಕೊಡುವಂತೆ ಕಂಪನಿಗೆ ಈಗಲೇ ಬರೆಯಿರಿ. ಪಾಸ್‌ಬುಕ್ಕಿನಲ್ಲಿ ಮುಗಿದ ಠೇವಣಿಯ ಹಣ ಬಂದದ್ದೂ ಕಂತು ಹೋದದ್ದೂ ಒಂದೇ ದಿನ, ಒಂದರ ಕೆಳಗೊಂದು ಸಾಲಿನಲ್ಲಿದೆಯಲ್ಲ, ಆ ಪುಟದ ಪ್ರತಿಯನ್ನೂ ಲಗತ್ತಿಸಿ.

ಬಾಂಡ್ ಬಂದ ಅಂಚೆ ಲಕೋಟೆ ಮನೆಯಲ್ಲಿ ಇದೆಯೇ? ಅದರ ಮೇಲಿನ ಮೊಹರಿನ ದಿನಾಂಕ ಬೇಕಾಗುತ್ತದೆ. ಎಸೆಯಬೇಡಿ.

— ಸಂಪಾದಕ