ಸಹಿ ಹಾಕಲೊಪ್ಪದ ಅವಲೋಕನ ವರದಿ

ಮೈಸೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುತ್ತಿರುವ ಈ ವಿದ್ಯಾರ್ಥಿನಿ, ರಾತ್ರಿ ನಿದ್ದೆ ಬರುತ್ತಿಲ್ಲ, ತರಗತಿಯಲ್ಲಿ ಕೂರಲಾಗುತ್ತಿಲ್ಲ ಎಂದು ಹೇಳಿಕೊಂಡು ಆಪ್ತಸಲಹೆಗಾಗಿ ನನ್ನ ಬಳಿ ಬಂದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಇವರಿದ್ದ ಐವರ ಗುಂಪು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕಿರುಚಿತ್ರ ಮಾಡಿತ್ತು, ಅದರಲ್ಲಿ ಶಬ್ದಗ್ರಹಣ ಇವರ ಪಾಲಿಗೆ ಬಂದ ಕೆಲಸ. ಸಂಜೆ ನೀರುಕಾಗೆಗಳು ಮರಗಳಿಗೆ ಮರಳುವ ಹೊತ್ತಿನ ಗದ್ದಲವನ್ನು ಇವರು ಬಹಳ ತಾಳ್ಮೆಯಿಂದ ಹಿಡಿದಿದ್ದರು. ಆದರೆ ಪ್ರದರ್ಶನದ ದಿನ ಆ ದೃಶ್ಯಗಳಲ್ಲಿ ಕೇಳಿಸಿದ್ದು ಅಂತರ್ಜಾಲದಿಂದ ಇಳಿಸಿಕೊಂಡ ಹಿನ್ನೆಲೆ ಸಂಗೀತ ಮಾತ್ರ, ಟೈಟಲ್ ಕಾರ್ಡಿನಲ್ಲಿ ಇವರ ಹೆಸರೂ ಇರಲಿಲ್ಲ. ಇದರ ಬೆನ್ನಿಗೇ, ಕೆಲಸ ಹೇಗೆ ನಡೆಯಿತು, ಏನು ಕಲಿತೆವು ಎಂದು ಹಿಂತಿರುಗಿ ನೋಡಿ ಬರೆಯುವ ಗುಂಪಿನ ಅವಲೋಕನ ವರದಿಗೆ ಐವರೂ ಸಹಿ ಹಾಕಬೇಕಾಗಿ ಬಂತು. "ಎಲ್ಲರೂ ಕೂಡಿ ಕಲಿತೆವು ಅಂತ ಬರೆದಿದ್ದಾರೆ ಮೇಡಂ, ನಾನು ಹೇಗೆ ಸಹಿ ಹಾಕ್ಲಿ?" ಎಂಬುದು ಅವರ ಪ್ರಶ್ನೆ.

ಮಾತಾಡುತ್ತ ಹೋದಂತೆ ಎರಡು ನೋವುಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ಕಂಡಿತು. ಹೆಸರು ಬಿಟ್ಟುಹೋದದ್ದು ಒಂದು. ಅದು ಬಹುಮಟ್ಟಿಗೆ ಅವಸರದ ಫಲ, ತಿದ್ದಬಹುದಾದದ್ದು. ಶಬ್ದವನ್ನು ತೆಗೆದುಹಾಕುವ ತೀರ್ಮಾನವನ್ನು ತಮಗೆ ಹೇಳದೆಯೇ ಕೈಗೊಂಡದ್ದು ಇನ್ನೊಂದು, ಆಳವಾಗಿ ನಾಟಿದ್ದು ಇದೇ. ತೀರ್ಮಾನ ತಾಂತ್ರಿಕವಾಗಿ ಸರಿಯೇ ಇದ್ದಿರಬಹುದು: ಗಾಳಿತಡೆ ಇಲ್ಲದ ಮೈಕಿನಲ್ಲಿ ಕೆರೆಯ ಗಾಳಿ ಬೇರೆ ಶಬ್ದವನ್ನು ನುಂಗಿಬಿಡುತ್ತದೆ. ಸರಿಯಾದ ತೀರ್ಮಾನವನ್ನೂ ಸಂಬಂಧಪಟ್ಟವರಿಗೆ ತಿಳಿಸದೆ ಕೈಗೊಂಡರೆ ಅದು ಅವಮಾನವಾಗಿಯೇ ತಲುಪುತ್ತದೆ ಎಂಬುದನ್ನು ನಾನು ಒಪ್ಪಿದೆ.

ಮುಂದಿನ ಭೇಟಿಗೆ ಗುಂಪಿನವರೆಲ್ಲ ಒಪ್ಪಿ ಬಂದಾಗ, ಚಿತ್ರದಲ್ಲಿ ತಮ್ಮ ಪಾಲು ಶೇಕಡ ಎಷ್ಟೆಂದು ಪ್ರತಿಯೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯುವಂತೆ ಕೇಳಿದೆ. ಮೊತ್ತ ನೂರನ್ನು ಬಹಳ ದೂರ ದಾಟಿತು. ಇದರಲ್ಲಿ ಯಾರ ಸುಳ್ಳೂ ಇಲ್ಲ. ಮನೋವಿಜ್ಞಾನಿಗಳಾದ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೊಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಹೆಂಡಿರು ಮನೆಗೆಲಸದಲ್ಲಿ ತಮ್ಮ ತಮ್ಮ ಪಾಲನ್ನು ಹೀಗೆಯೇ ಹೆಚ್ಚಿಸಿ ಹೇಳಿದ್ದರು. ತಾನು ಪಟ್ಟ ಪಾಡು ತನಗೆ ಸುಲಭವಾಗಿ ನೆನಪಾಗುತ್ತದೆ, ಪಕ್ಕದವರದು ಆಗುವುದಿಲ್ಲ. ಸಂಕಲನ ಮಾಡಿದ ಹುಡುಗ ಸಲ್ಲಿಕೆಯ ಹಿಂದಿನ ರಾತ್ರಿ ಒಬ್ಬನೇ ಕೂತು ಪಟ್ಟ ಒದ್ದಾಟವನ್ನು ಈಕೆ ಕೇಳಿದ್ದು ಅಂದೇ ಮೊದಲು.

ವರದಿಯ ಬಗ್ಗೆ ನಾನು ಕೊಟ್ಟ ಸಲಹೆ ಇಷ್ಟು: "ಎಲ್ಲರೂ ಕೂಡಿ" ಎಂಬ ಮಾತನ್ನು ತೆಗೆದು, ಯಾವ ಹಂತದಲ್ಲಿ ಯಾವ ತೀರ್ಮಾನವಾಯಿತು, ಆಗ ಯಾರು ಇದ್ದರು, ಯಾರು ಇರಲಿಲ್ಲ, ಸಮಯ ಇದ್ದಿದ್ದರೆ ಏನು ಬದಲಿಸುತ್ತಿದ್ದಿರಿ ಎಂಬುದನ್ನು ಬರೆಯಿರಿ; ಶಬ್ದವನ್ನು ಕೈಬಿಟ್ಟ ಕಾರಣವನ್ನು ಸಂಕಲನಕಾರನೂ, ಅದನ್ನು ಹಿಡಿದ ಬಗೆಯನ್ನು ಈಕೆಯೂ ಅಕ್ಕಪಕ್ಕದಲ್ಲೇ ಬರೆಯಲಿ. ಭಿನ್ನಾಭಿಪ್ರಾಯವಿರುವ ವರದಿ ಅಂಕ ಕಳೆಯುತ್ತದೆಂಬ ಭಯ ವಿದ್ಯಾರ್ಥಿಗಳಲ್ಲಿದೆ. ಅವಲೋಕನವೆಂದರೆ ಅಭಿನಂದನಾ ಪತ್ರವಲ್ಲವಾದ್ದರಿಂದ ಆ ಭಯಕ್ಕೆ ಮಣಿಯಬೇಕಿಲ್ಲ ಎಂದೆ. ಜಗಳವನ್ನು ವಾಟ್ಸಾಪ್ ಗುಂಪಿಗೆ ಒಯ್ಯದೆ ಎದುರು ಕೂತೇ ಮುಗಿಸಬೇಕೆಂದೂ, ನಿದ್ರೆಯ ತೊಂದರೆ ಮುಂದುವರಿದರೆ ವೈದ್ಯರನ್ನು ಕಾಣಬೇಕೆಂದೂ ತಿಳಿಸಿದೆ.

ಟೈಟಲ್ ಕಾರ್ಡನ್ನು ತಿದ್ದಿದರು, ಈಕೆ ತಾವೇ ಬರೆದ ಪುಟ ಸೇರಿದ ವರದಿಗೆ ಸಹಿ ಹಾಕಿದರು, ನಿದ್ದೆಯೂ ಸುಧಾರಿಸಿತು. ನಿರ್ದೇಶಕನೊಂದಿಗೆ ಮಾತು ಇನ್ನೂ ಅಷ್ಟಕ್ಕಷ್ಟೇ. ರಾಜಿ ಮಾಡಿಕೊಳ್ಳಿರೆಂದು ನಾನು ಒತ್ತಾಯಿಸಿಲ್ಲ.